ಋಣವರಿತ ನಾಗರಿಕ: ಹರ್ಡೇಕರ ಮಂಜಪ್ಪನವರು

ಕೃತಜ್ಞ ಎಂಬ ಶಬ್ದಕ್ಕೆ ತನಗೆ ಮಾಡಿದ ಉಪಕಾರವನ್ನು ಅರಿತವನು ಎಂದರ್ಥ. ಅರಿವು ಮೊದಲು, ಸ್ತುತಿ ಆಮೇಲೆ. ನಾಡಿನಿಂದ ತಾನು ಪಡೆದುದನ್ನು ಅರಿತು, ಅದನ್ನು ದುಡಿಮೆಯಿಂದ ಹಿಂದಿರುಗಿಸಹೊರಟವನಿಗೆ ಮಾತ್ರ ಆ ನಾಡಿನ ವಿಷಯದಲ್ಲಿ ಹೆಮ್ಮೆಪಡುವ ಅಧಿಕಾರವುಂಟು. ಹಾಗೆ ಬಾಳಿ ತೋರಿದ ಮಹನೀಯರಲ್ಲಿ, ಕರ್ನಾಟಕದ ಗಾಂಧಿ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರು ಅಗ್ರಗಣ್ಯರು.

ತೊಗರ್ಸಿ, ಬಳ್ಳಿಗಾವೆ, ಉಡುತಡಿಗಳನ್ನು ಒಳಗೊಂಡ ಸೀಮೆಯು ಪೂರ್ವಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರದ ಒಂದು ಅಂಗವಾಗಿದ್ದಿತು. ಸೊರಬದ ಸೀಮೆಯನ್ನು ಹಾದು ಹರಿಯುವ ವರದಾ ನದಿಯ ದಡದಲ್ಲಿರುವ ಆ ಬನವಾಸಿಯಲ್ಲಿ, 1886ರ ಫೆಬ್ರವರಿ 18ರಂದು, ಬಡ ವೀರಶೈವ ಮನೆತನವೊಂದರಲ್ಲಿ ಮಂಜಪ್ಪನವರು ಜನಿಸಿದರು. ಆಗ ಈ ಸೀಮೆಯ ನುಡಿ ಒಂದೇ ಆಗಿದ್ದರೂ ಆಳಿಕೆ ಎರಡಾಗಿದ್ದಿತು. ಬನವಾಸಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ, ತೊಗರ್ಸಿಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಇಕ್ಕೆಡೆಯ ಜನರೂ ಆಳಿಸಿಕೊಳ್ಳುವ ಪ್ರಜೆಗಳಾಗಿದ್ದರೇ ವಿನಾ ಆಳುವುದರಲ್ಲಿ ಪಾಲುಳ್ಳ ನಾಗರಿಕರಾಗಿರಲಿಲ್ಲ.

1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಮಂಜಪ್ಪನವರು ಶಿರಸಿಯಲ್ಲಿ ಶಾಲಾ ಶಿಕ್ಷಕರಾದರು. ಬಡತನದಲ್ಲಿ ಬೆಳೆದ ತರುಣನಿಗೆ ಸರಕಾರಿ ಸಂಬಳವೆಂಬುದು ಅಂದಿನ ದಿನಗಳಲ್ಲಿ ಸಣ್ಣ ಆಸರೆಯಲ್ಲ. ಆದರೆ 1905ರಲ್ಲಿ ವಂಗಭಂಗವಾಗಿ, ಸ್ವದೇಶಿ ಚಳವಳಿಯ ಅಲೆಯು ಲೋಕಮಾನ್ಯ ತಿಲಕರ ಲೇಖನಗಳ ಮೂಲಕ ಕನ್ನಡ ನಾಡನ್ನೂ ಮುಟ್ಟಿತು. 1906ರಲ್ಲಿ ಅವರು ಆ ನೌಕರಿಗೆ ರಾಜೀನಾಮೆ ಇತ್ತು ಹೊರಬಂದರು.

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಲೋಕದ ನೀತಿ. ಸರಕಾರದ ಅನ್ನವನ್ನುಂಡವನು ಸರಕಾರಕ್ಕೆ ಎದುರಾಗುವುದು ಕೃತಘ್ನತೆಯಲ್ಲವೇ ಎಂದು ಕೇಳುವವರು ಅಂದೂ ಇದ್ದರು, ಎಂದೂ ಇರುತ್ತಾರೆ. ಸರಕಾರದ ಬೊಕ್ಕಸವನ್ನು ತುಂಬಿದ್ದು ರೈತನು ತೆತ್ತ ಕಂದಾಯ. ಉಂಡ ಮನೆ ನಾಡೇ ಹೊರತು ಅದನ್ನು ಆಳುತ್ತಿದ್ದ ಪರಕೀಯರದಲ್ಲ. ಈ ವಿವೇಕವು ಮಂಜಪ್ಪನವರ ಮುಂದಿನ ನಡೆಯಲ್ಲೆಲ್ಲ ಎದ್ದು ಕಾಣುತ್ತದೆ.

ಅದೇ 1906ರಲ್ಲಿ ಅವರು ದಾವಣಗೆರೆಯಲ್ಲಿ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಆರಂಭಿಸಿ, ಸ್ವದೇಶಿಯನ್ನೂ ಸಮಾಜದ ಸುಧಾರಣೆಯನ್ನೂ ಬೋಧಿಸಿದರು. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ಕಾಯಿದೆಯನ್ನು ತಂದು ಪತ್ರಿಕೆಗಳ ಮೇಲೆ ಬಿಗಿಯಾದ ಕಟ್ಟಳೆಗಳನ್ನು ಹೇರಿತು. ಲೇಖನಿಯನ್ನು ನಂಬಿ ಬದುಕುವವರಿಗೆ ಅದು ಕಷ್ಟದ ಕಾಲ. ಮಂಜಪ್ಪನವರು ಗೃಹಸ್ಥಾಶ್ರಮವನ್ನು ಸ್ವೀಕರಿಸದೆ ಬ್ರಹ್ಮಚರ್ಯವ್ರತವನ್ನು ತೊಟ್ಟು, ತಮ್ಮ ಬಾಳನ್ನು ಸಂಪೂರ್ಣವಾಗಿ ಲೋಕಸೇವೆಗೆ ಮೀಸಲಿಟ್ಟರು.

1913ರಲ್ಲಿ ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳವರೊಡನೆ ಸೇರಿ ಅವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಗೆ ನಾಂದಿ ಹಾಡಿದರು. ಇಂದು ನಾಡಿನ ಊರೂರುಗಳಲ್ಲಿ ಆಚರಿಸಲ್ಪಡುವ ಈ ಉತ್ಸವದ ಹಿಂದೆ ಋಣಸ್ಮರಣೆಯಿದ್ದಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಸಮಾನತೆಯನ್ನೂ ಕೊಟ್ಟುಹೋಗಿದ್ದರು. ಪಡೆದ ಜನರು ಕೊಟ್ಟವರನ್ನು ಮರೆತರೆ ಕೊಟ್ಟುದನ್ನೂ ಮರೆಯುತ್ತಾರೆ. ಶರಣರ ಕುಲದವರೆಂಬ ಹೆಮ್ಮೆಯೊಂದಿದ್ದು ಶರಣರ ನಡೆಯಿಲ್ಲದಿದ್ದರೆ, ಆ ಹೆಮ್ಮೆಯು ಬರಿಯ ಜಾತ್ಯಭಿಮಾನವಾಗುವುದು. ಮಂಜಪ್ಪನವರು ತಮ್ಮ ಸಮಾಜವನ್ನು ಪ್ರೀತಿಸಿದರು. ಆದುದರಿಂದಲೇ ಅದರ ದೋಷಗಳನ್ನು ಮುಚ್ಚಿಡದೆ ಅದರ ಸುಧಾರಣೆಗಾಗಿ ಶ್ರಮಿಸಿದರು.

ಮಹಾತ್ಮಾ ಗಾಂಧಿಯವರ ಮಾರ್ಗದಲ್ಲಿ ಬಸವಣ್ಣನವರ ಕಾಯಕತತ್ತ್ವದ ಹೊಸ ರೂಪವನ್ನು ಕಂಡ ಅವರು, ಗಾಂಧಿಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ತುಂಗಭದ್ರಾ ತೀರದ ಹರಿಹರದಲ್ಲಿ ಆಶ್ರಮವನ್ನು ಕಟ್ಟಿ ಖಾದಿಯ ಪ್ರಚಾರವನ್ನು ಕೈಗೊಂಡರು. 1927ರಲ್ಲಿ ವಿಜಾಪುರ ಜಿಲ್ಲೆಯ ಆಲಮಟ್ಟಿಗೆ ಬಂದು ಕೃಷ್ಣಾ ತೀರದಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ವಿದ್ಯೆಯೊಡನೆ ಶರೀರಶ್ರಮವೂ ಶೀಲವೂ ಕೂಡಿರಬೇಕೆಂಬುದು ಅಲ್ಲಿನ ಶಿಕ್ಷಣದ ಧ್ಯೇಯವಾಗಿದ್ದಿತು. ಶಿರಸಿಯಲ್ಲಿ ಶಿಕ್ಷಕವೃತ್ತಿಯನ್ನು ತೊರೆದವರು ಹೀಗೆ ಮರಳಿ ಶಿಕ್ಷಕರೇ ಆದರು. ಈ ಸಲ ಸಂಬಳವಿರಲಿಲ್ಲ, ಸರಕಾರವಿರಲಿಲ್ಲ, ಎದುರಿಗೆ ನಾಡಿನ ಮಕ್ಕಳಿದ್ದರು.

ಅದೇ ಆಲಮಟ್ಟಿಯಲ್ಲಿ 1947ರ ಜನವರಿ 3ರಂದು ಅವರು ಲಿಂಗೈಕ್ಯರಾದರು. ಸ್ವಾತಂತ್ರ್ಯೋದಯಕ್ಕೆ ಇನ್ನು ಏಳು ತಿಂಗಳು ಮಾತ್ರ ಉಳಿದಿದ್ದಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವಾಗಲಿ, 1956ರ ನವೆಂಬರ್ 1ರಂದು ಬನವಾಸಿ ತೊಗರ್ಸಿಗಳನ್ನು ಒಂದೇ ರಾಜ್ಯದಲ್ಲಿ ಸೇರಿಸಿದ ಏಕೀಕರಣವಾಗಲಿ ಅವರಿಗೆ ಕಾಣದೆ ಹೋಯಿತು. ತೊಗರ್ಸಿಯಿರುವ ಶಿಕಾರಿಪುರ ತಾಲ್ಲೂಕಿನದೇ ಆದ ಈಸೂರಿನ ಜನರು 1942ರಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಆ ಊರಿನ ಐವರು 1943ರ ಮಾರ್ಚಿಯಲ್ಲಿ ನೇಣುಗಂಬವನ್ನೇರಿದರು. ಮಾರ್ಗವು ಬೇರೆಯಾದರೂ ಅವರ ಪಾಲಿಗೂ ಸ್ವತಂತ್ರ ದೇಶದ ಪೌರತ್ವವು ಒದಗಲಿಲ್ಲ. ನಾಗರಿಕನ ಹಕ್ಕುಗಳಲ್ಲಿ ಒಂದನ್ನೂ ಅನುಭವಿಸದೆ ನಾಗರಿಕನ ಕರ್ತವ್ಯಗಳನ್ನೆಲ್ಲ ಮುಗಿಸಿಹೋದವರು ಇವರು.

ಇಂದಿನ ಮಕ್ಕಳಿಗಾದರೋ ಹಕ್ಕುಗಳು ಹುಟ್ಟುತ್ತಲೇ ದೊರಕುತ್ತವೆ. ಬೆವರಿಲ್ಲದೆ ಬಂದ ಆಸ್ತಿಯ ಬೆಲೆಯು ಬೇಗ ಮರೆತುಹೋಗುವುದು ಸಹಜ. ಅದನ್ನು ಮರೆಯದಂತೆ ಕಲಿಸುವ ಹೊಣೆ ಗುರುಗಳದು. ಕಲಿತು ಮುಂದೆ ಬಂದವರು ತಮ್ಮ ಹಿಂದೆ ಬರುವವರಿಗೆ ನೆರವಾಗುವುದು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಧರ್ಮ. ಮಂಜಪ್ಪನವರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಒಬ್ಬ ಬಡ ಬಾಲಕನ ಓದು ನಡುವಿನಲ್ಲಿ ನಿಲ್ಲದಂತೆ ನೋಡಿಕೊಂಡರೆ ಅವರ ಋಣದಲ್ಲಿ ಒಂದಂಶವಾದರೂ ಸಂದೀತು.