ಜಾನ್ ವುಲ್ಮನ್ : ಒಬ್ಬ ಗುಮಾಸ್ತನ ಧರ್ಮನಿಷ್ಠೆ

ಮನುಷ್ಯನ ಧರ್ಮನಿಷ್ಠೆಯನ್ನು ಅರಿಯಬೇಕಾದರೆ ಅವನು ಸಭೆಯಲ್ಲಿ ಆಡಿದ ಮಾತನ್ನು ಕೇಳಿದರೆ ಸಾಲದು. ಅವನ ಲೆಕ್ಕದ ಪುಸ್ತಕವನ್ನೂ, ಉಣ್ಣುವ ಊಟವನ್ನೂ, ಉಡುವ ಬಟ್ಟೆಯನ್ನೂ ನೋಡಬೇಕು. ಈ ಪರೀಕ್ಷೆಗೆ ತನ್ನನ್ನು ತಾನೇ ಒಡ್ಡಿಕೊಂಡು ಬಾಳಿದ ಕ್ರೈಸ್ತರಲ್ಲಿ ಅಮೆರಿಕದ ಜಾನ್ ವುಲ್ಮನ್ ಎಂಬಾತನನ್ನು ನಾವು ಅಗ್ರಗಣ್ಯನೆಂದು ಎಣಿಸುತ್ತೇವೆ. ಈತನು ರಾಜ್ಯವಾಳಿದವನಲ್ಲ, ಸೈನ್ಯ ನಡೆಸಿದವನಲ್ಲ, ಮಹಾಪಂಡಿತನೂ ಅಲ್ಲ.

೧೭೨೦ನೆಯ ಇಸವಿಯಲ್ಲಿ, ಆಗ ಇಂಗ್ಲಿಷರ ವಸಾಹತಾಗಿದ್ದ ನ್ಯೂಜರ್ಸಿ ಪ್ರಾಂತದ ಒಂದು ಒಕ್ಕಲು ಮನೆತನದಲ್ಲಿ ಈತನು ಹುಟ್ಟಿದನು. ಮನೆಯವರು ಕ್ವೇಕರ್ ಪಂಥದವರು. ಪುರೋಹಿತನಿಲ್ಲದೆ ಮೌನವಾಗಿ ಕುಳಿತು, ಹೃದಯದೊಳಗೆ ದೇವರು ತೋರುವ ಬೆಳಕಿಗಾಗಿ ಕಾಯುವುದು ಇವರ ಆರಾಧನೆಯ ಕ್ರಮ. ಆದರೆ ಇಂಥ ಸಾತ್ವಿಕ ಪಂಥದಲ್ಲಿಯೂ ಎಷ್ಟೋ ಗೃಹಸ್ಥರು ನೀಗ್ರೋ ಗುಲಾಮರನ್ನು ಕೊಂಡು ದುಡಿಸುತ್ತಿದ್ದರು. ಅದು ಅಧರ್ಮವೆಂದು ಬಹುಮಂದಿಗೆ ತೋರಿರಲಿಲ್ಲ.

ವುಲ್ಮನ್ನನು ತನ್ನ ೨೧ನೆಯ ವಯಸ್ಸಿನಲ್ಲಿ ಮೌಂಟ್ ಹಾಲಿ ಎಂಬ ಊರಿನ ವರ್ತಕನೊಬ್ಬನಲ್ಲಿ ಗುಮಾಸ್ತನಾಗಿ ಸೇರಿದನು. ಒಂದು ದಿನ ಯಜಮಾನನು ತನ್ನಲ್ಲಿದ್ದ ನೀಗ್ರೋ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರ ಬರೆಯುವಂತೆ ಇವನಿಗೆ ಅಪ್ಪಣೆ ಮಾಡಿದನು. ಕೊಳ್ಳಬಂದಾತನು ಇವನ ಪಂಥದವನೇ ಆದ ವೃದ್ಧನು. ಉಪ್ಪುಂಡ ಮನೆಯ ಆಜ್ಞೆಯನ್ನು ಮೀರಲಾರದೆ ತರುಣನು ಪತ್ರವನ್ನು ಬರೆದನು. ಆದರೆ ಮನಸ್ಸು ಕುದಿದುಹೋಯಿತು. ಗುಲಾಮರನ್ನಿಟ್ಟುಕೊಳ್ಳುವುದು ಕ್ರಿಸ್ತಧರ್ಮಕ್ಕೆ ಹೊಂದುವ ಆಚಾರವಲ್ಲವೆಂದು ಇಬ್ಬರೆದುರಿನಲ್ಲಿಯೂ ಅಲ್ಲಿಯೇ ಹೇಳಿಬಿಟ್ಟನು. ಮುಂದೆ ಇಂಥದೇ ಪತ್ರವನ್ನು ಬರೆಸಿಕೊಳ್ಳಲು ಮತ್ತೊಬ್ಬನು ಬಂದಾಗ ಇವನು ಲೇಖಣಿಯನ್ನೇ ಮುಟ್ಟಲಿಲ್ಲ.

ಪತ್ರ ಬರೆಯುವುದರಲ್ಲಿ ನಿಪುಣನೆಂದು ನೆರೆಹೊರೆಯವರು ಮರಣಶಾಸನಗಳನ್ನು ಬರೆಸಲು ಇವನಲ್ಲಿಗೆ ಬರುತ್ತಿದ್ದರು. ಒಮ್ಮೆ ಪೆಟ್ಟು ತಿಂದು ಮಲಗಿದ್ದ ನೆರೆಯವನೊಬ್ಬನು ತನ್ನ ಆಸ್ತಿಯೊಡನೆ ಒಬ್ಬ ಗುಲಾಮ ಹುಡುಗಿಯನ್ನೂ ಮಕ್ಕಳಿಗೆ ಹಂಚಲು ಹೇಳಿದನು. ವುಲ್ಮನ್ನನು ಉಳಿದುದೆಲ್ಲವನ್ನೂ ಬರೆದು, ಹುಡುಗಿಯ ಮಾತನ್ನು ಮಾತ್ರ ಬಿಟ್ಟು, ಹಾಸಿಗೆಯ ಬಳಿ ಓದಿ ಹೇಳಿದನು. ಬರೆದುದಕ್ಕೆ ಕೂಲಿ ಬೇಡ, ಈ ಒಂದನ್ನು ಮಾತ್ರ ತನ್ನ ಕೈಯಿಂದ ಬರೆಯಲಾರೆನೆಂದು ಸ್ನೇಹದಿಂದ ತಿಳಿಸಿದನು. ಇಬ್ಬರೂ ಬಹಳ ಹೊತ್ತು ವಿಚಾರ ಮಾಡಿದರು. ಕೊನೆಗೆ ರೋಗಿಯು ಹುಡುಗಿಯನ್ನು ಬಿಡುಗಡೆ ಮಾಡಲೊಪ್ಪಿದನು, ಶಾಸನವು ಪೂರ್ತಿಯಾಯಿತು.

ಪರರನ್ನು ತಿದ್ದುವವರು ಲೋಕದಲ್ಲಿ ಬಹುಮಂದಿ. ವುಲ್ಮನ್ನನು ತನ್ನ ಮನೆಯ ಕಸವನ್ನೇ ಮೊದಲು ಗುಡಿಸಿದನು. ಸ್ವಂತ ಅಂಗಡಿಯು ಚೆನ್ನಾಗಿ ನಡೆಯುತ್ತಿದ್ದರೂ, ವ್ಯಾಪಾರದ ಗೊಂದಲವು ಆತ್ಮಕ್ಕೆ ಹೊರೆಯೆಂದು ಕಂಡು, ೧೭೫೬ರ ವೇಳೆಗೆ ಗಿರಾಕಿಗಳನ್ನು ಬೇರೆ ಅಂಗಡಿಗಳಿಗೆ ಕಳುಹಿಸತೊಡಗಿದನು. ಬಟ್ಟೆ ಹೊಲಿದು, ಹಣ್ಣಿನ ತೋಟವನ್ನು ನೋಡಿಕೊಂಡು ಹೆಂಡತಿ ಮಗಳೊಡನೆ ಸರಳವಾಗಿ ಜೀವಿಸಿದನು. ಗುಲಾಮರ ಬೆವರಿನಿಂದಾದ ಸಕ್ಕರೆಯನ್ನು ತ್ಯಜಿಸಿದನು. ಬಣ್ಣವು ಕೊಳೆಯನ್ನು ಮರೆಮಾಚುವುದಕ್ಕೇ ಸರಿಯೆಂದು ಬಣ್ಣವಿಲ್ಲದ ಬಟ್ಟೆಯನ್ನೂ ಟೋಪಿಯನ್ನೂ ಧರಿಸಿದನು. ಆ ಕಾಲದಲ್ಲಿ ಬಿಳುಪು ಟೋಪಿಯು ಶೋಕಿಯವರಿಗೂ ಪ್ರಿಯವಾಗಿದ್ದುದರಿಂದ, ಇವನೂ ಶೋಕಿಗೆ ಬಿದ್ದನೆಂದು ಕೆಲವರು ಸಂಶಯಪಟ್ಟರು. ಅದನ್ನೂ ಸಹಿಸಿದನು. ಹಿಂದೆ ಒಬ್ಬನ ಮರಣಶಾಸನದ ನಿರ್ವಾಹಕರಿಬ್ಬರಲ್ಲಿ ಒಬ್ಬನಾಗಿದ್ದಾಗ, ನೀಗ್ರೋ ಬಾಲಕನೊಬ್ಬನ ಸೇವೆಯನ್ನು ಅವನಿಗೆ ೩೦ ವರ್ಷ ತುಂಬುವವರೆಗೆ ಮಾರಲು ಈತನು ಒಪ್ಪಿದ್ದನು. ಬಹುಕಾಲದ ಮೇಲೂ ಆ ಋಣವು ಮನಸ್ಸನ್ನು ಕೊರೆಯುತ್ತಿರಲು, ಆ ಸೇವೆಯ ಕೊನೆಯ ನಾಲ್ಕೂವರೆ ವರ್ಷಗಳ ಬೆಲೆಯನ್ನು ತಾನೇ ತೆರುವುದಾಗಿ ಮುಚ್ಚಳಿಕೆ ಬರೆದುಕೊಟ್ಟನು. ಇದನ್ನು ಮಾಡೆಂದು ಅವನನ್ನು ಒತ್ತಾಯಿಸಿದ ನ್ಯಾಯಾಸ್ಥಾನ ಯಾವುದೂ ಇರಲಿಲ್ಲ.

ಇಂಥವನು ಬಾಯಿ ತೆರೆದಾಗ ಜನರು ಕಿವಿಗೊಟ್ಟುದು ಆಶ್ಚರ್ಯವಲ್ಲ. ದಾಸ್ಯವನ್ನು ಖಂಡಿಸಿ ೧೭೫೪ರಲ್ಲಿಯೂ ೧೭೬೨ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದನು. ೧೭೫೭ರಲ್ಲಿ ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸಿದಾಗ, ಗುಲಾಮರುಳ್ಳ ಮನೆಯಲ್ಲಿ ಉಂಡರೆ ಆ ಗುಲಾಮರಿಗೆ ಸಲ್ಲಬೇಕೆಂದು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು ಬರುತ್ತಿದ್ದನು; ಮನೆಯೊಡೆಯನೊಡನೆ ಏಕಾಂತದಲ್ಲಿ ಮೃದುವಾಗಿ ಮಾತನಾಡುತ್ತಿದ್ದನು. ೧೭೫೮ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ ಕ್ವೇಕರರ ವಾರ್ಷಿಕ ಸಭೆಯು, ಗುಲಾಮರನ್ನಿಟ್ಟುಕೊಂಡವರ ಮನೆಗಳಿಗೆ ಹೋಗಿ ಬುದ್ಧಿ ಹೇಳಲು ಕೆಲವರನ್ನು ನೇಮಿಸಿತು. ಅವರಲ್ಲಿ ಈತನೂ ಒಬ್ಬನು.

೧೭೭೨ರಲ್ಲಿ ಇಂಗ್ಲೆಂಡಿಗೆ ಹೊರಟಾಗ, ಹಡಗಿನ ಅಲಂಕೃತ ಕೊಠಡಿಯನ್ನು ಬಿಟ್ಟು ನಾವಿಕರೊಡನೆ ಕತ್ತಲ ಅಟ್ಟದಲ್ಲಿ ಪಯಣಿಸಿದನು. ಅಲ್ಲಿನ ಟಪ್ಪಾಲು ಗಾಡಿಗಳ ಓಟದಲ್ಲಿ ಕುದುರೆಗಳೂ ಹುಡುಗರೂ ಪಡುವ ಹಿಂಸೆಯನ್ನು ಕೇಳಿ, ಗಾಡಿಯೇರದೆ ನಡೆದೇ ಹೋದನು. ಯಾರ್ಕ್ ನಗರವನ್ನು ಸೇರಿದ ಮೇಲೆ ಸಿಡುಬು ತಗಲಿ, ಅದೇ ವರ್ಷ ಅಕ್ಟೋಬರ್ ೭ರಂದು ದೇಹವನ್ನು ಬಿಟ್ಟನು. ಆಗ ವಯಸ್ಸು ೫೧. ಅವನ ದಿನಚರಿಯು ೧೭೭೪ರಲ್ಲಿ ಅಚ್ಚಾಯಿತು. ೧೭೭೬ರಲ್ಲಿ ಫಿಲಡೆಲ್ಫಿಯದ ಸಭೆಯು, ಗುಲಾಮರನ್ನಿಟ್ಟುಕೊಂಡವನು ತಮ್ಮ ಪಂಥದಲ್ಲಿ ಇರಕೂಡದೆಂದು ವಿಧಿಸಿತು. ಅಮೆರಿಕ ದೇಶವೆಲ್ಲವೂ ಗುಲಾಮಗಿರಿಯನ್ನು ಶಾಸನದಿಂದ ತೊಡೆದುದು ೧೮೬೫ರಲ್ಲಿ. ಅದೂ ಘೋರ ಯುದ್ಧದಲ್ಲಿ ರಕ್ತದ ಹೊಳೆ ಹರಿದ ಬಳಿಕ.

ಯಜಮಾನನು ಹೇಳಿದನು, ನಾವು ಬರೆದೆವು. ಪಾಪವು ಅವನದು, ಸಂಬಳ ಮಾತ್ರ ನಮ್ಮದು ಎಂಬ ಸಮಾಧಾನವು ಕಚೇರಿಯಲ್ಲಿ ಲೇಖಣಿ ಹಿಡಿದವರಿಗೆಲ್ಲ ಸುಲಭವಾಗಿ ದೊರೆಯುವಂಥದು. ವುಲ್ಮನ್ನನಿಗೂ ಅದು ದೊರೆಯುತ್ತಿತ್ತು. ಅವನು ಅದನ್ನು ಸ್ವೀಕರಿಸಲಿಲ್ಲ. ತನ್ನ ಕೈಯಿಂದ ಬರೆದುದಕ್ಕೆ ದೇವರ ಮುಂದೆ ತಾನೇ ಹೊಣೆಯೆಂದು ತಿಳಿದನು. ಅವನ ಹಿರಿಮೆಯೆಲ್ಲವೂ ಇದರಲ್ಲಿದೆಯೆಂದು ನಾವು ಭಾವಿಸುತ್ತೇವೆ.