ಸಹಿಯಿಲ್ಲದ ಶಿಲ್ಪದ ಕರ್ತೃ ಯಾರು? ರೂವಾರಿ ಮಲ್ಲಿತಮ್ಮನ ಬದುಕಿನ ಜಾಡು

ಸಾಸ್ವೆಹಳ್ಳಿ: ಅಣೆಕಟ್ಟೆಯಾಗಲಿ, ನೀರಾವರಿ ಯೋಜನೆಯಾಗಲಿ, ದೊಡ್ಡ ಕಾರ್ಯವೊಂದು ಪೂರ್ಣಗೊಂಡಾಗ ಅದರ ರೂವಾರಿ ಯಾರೆಂದು ಪತ್ರಿಕೆಗಳು ಬರೆಯುವುದು ವಾಡಿಕೆ. ಈ ಪದ ಮೂಲತಃ ಶಿಲ್ಪಿಗಳದು. ಕಲ್ಲಿಗೆ ರೂಪ ಕೊಡುವ ರೂಪಕಾರಿಯೇ ಜನರ ಬಾಯಲ್ಲಿ ರೂವಾರಿಯಾದ. ಈ ಬಿರುದು ಹೊತ್ತ ಹೊಯ್ಸಳ ಶಿಲ್ಪಿಗಳಲ್ಲಿ ಅತಿ ಹೆಚ್ಚು ಕಡೆ ಹೆಸರು ಉಳಿಸಿಹೋದವರಲ್ಲಿ ಮಲ್ಲಿತಮ್ಮ ಪ್ರಮುಖ. ಆದರೆ ಅವನ ಬದುಕಿನ ಕಥೆಯನ್ನು ಕಲ್ಲಿನಿಂದಲೇ ಹೆಕ್ಕಿ ಜೋಡಿಸಬೇಕಾಗಿದೆ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಸುತ್ತಲಿನ ಸೀಮೆ ಶಿಲ್ಪಿಗಳಿಗೆ ಹೆಸರಾದದ್ದು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಊರಿನ ಹೆಸರು, ತಂದೆ–ಮಗನ ಸಂಬಂಧ, ಎದುರಾಳಿ ಶಿಲ್ಪಿಗಳನ್ನು ಸೋಲಿಸಿದವನೆಂಬ ಹೆಮ್ಮೆಯ ಬಿರುದು ಎಲ್ಲವನ್ನೂ ಬೇಲೂರಿನ ಶಿಲ್ಪಿಗಳು ದಾಖಲಿಸಿದರು. ಮಲ್ಲಿತಮ್ಮ ಹಾಗಲ್ಲ. ಅವನು ಬಿಟ್ಟುಹೋದದ್ದು ಹೆಚ್ಚಿನ ಕಡೆ ಹೆಸರಿನ ಕೆಲವು ಅಕ್ಷರಗಳನ್ನು ಮಾತ್ರ.

ಅಮೃತಾಪುರದಲ್ಲಿ ಆರಂಭ

ಸಾಸ್ವೆಹಳ್ಳಿಯಿಂದ ಭದ್ರಾವತಿ ದಾಟಿ ತರೀಕೆರೆಗೆ ಹೋದರೆ ಅಮೃತಾಪುರ ದೂರವಿಲ್ಲ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಮಲ್ಲಿತಮ್ಮನ ವೃತ್ತಿ ಆರಂಭವಾದದ್ದು ಈ ಗುಡಿಯ ಮಂಟಪದ ಗುಮ್ಮಟಾಕಾರದ ಭುವನೇಶ್ವರಿಗಳಲ್ಲಿ ಎಂಬುದು ಕಲಾ ಇತಿಹಾಸಕಾರರ ಅಭಿಪ್ರಾಯ. ಇದೇ ಗುಡಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ಮುಂದೆ ಒಬ್ಬನು ಕವಿಚಕ್ರವರ್ತಿಯಾಗಿ ಪಠ್ಯಪುಸ್ತಕ ಸೇರಿದ. ಇನ್ನೊಬ್ಬನನ್ನು ಕಾಣಲು ಇಂದಿಗೂ ತಲೆಯೆತ್ತಿ ಛಾವಣಿಯತ್ತ ನೋಡಬೇಕು.

ಅಲ್ಲಿಂದ ಮುಂದೆ ಅವನ ಹೆಸರು ಹಲವು ಊರುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ ಮತ್ತು ಜಾವಗಲ್, ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಗಳಲ್ಲಿ ಅವನ ಕೈವಾಡವಿದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ನುಗ್ಗೇಹಳ್ಳಿಯಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ ಗೋಡೆ ನಂದಿಯ ಬೈಚೋಜನದು ಎಂದು ಸಹಿಗಳ ಆಧಾರದಿಂದ ಗುರುತಿಸಲಾಗಿದೆ.

ಕೊನೆಯ ದೊಡ್ಡ ನಿಲ್ದಾಣ ಸೋಮನಾಥಪುರ. ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯಲ್ಲಿ 194 ದೊಡ್ಡ ವಿಗ್ರಹಗಳಿವೆ. ಅವುಗಳಲ್ಲಿ ಸುಮಾರು 40ರ ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ. ಮಸಣಿತಮ್ಮ, ಬಾಲೆಯ, ಚೌಡೆಯ, ಬಾಮಯ, ಭರ್ಮಯ, ನಂಜಯ ಮೊದಲಾದವರ ಸಹಿಗಳೂ ಉಂಟು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ದೇವಾಲಯವನ್ನು ಕುರಿತು 1917ರಲ್ಲಿ ಪ್ರಕಟಿಸಿದ ಗ್ರಂಥ ಈ ಹೆಸರುಗಳನ್ನು ವಿದ್ವತ್ ಲೋಕದ ಗಮನಕ್ಕೆ ತಂದಿತು.

ಸಹಿ ಇಲ್ಲದಿದ್ದರೆ?

ಪ್ರಶ್ನೆ ಉಳಿಯುವುದು ಹೆಸರಿಲ್ಲದ ವಿಗ್ರಹಗಳದು. ಜನಪದ ಕಲ್ಪನೆ ಅವೆಲ್ಲವನ್ನೂ ಜಕಣಾಚಾರಿಗೆ ಒಪ್ಪಿಸಿತು. ಆದರೆ ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಆ ಹೆಸರಿಲ್ಲ. ಐತಿಹ್ಯ ಎಷ್ಟೇ ಸೊಗಸಾಗಿದ್ದರೂ ಅದರ ನೆರಳಿನಲ್ಲಿ ನಿಜವಾಗಿ ಉಳಿ ಹಿಡಿದವರು ಮರೆಯಾದರು.

ವಿದ್ವಾಂಸರು ಅನುಸರಿಸುವ ಕ್ರಮ ಬೇರೆ. ಮೊದಲು ಸಹಿಯುಳ್ಳ ವಿಗ್ರಹಗಳನ್ನು ಒಂದೆಡೆ ಇಟ್ಟು ನೋಡುತ್ತಾರೆ. ಮುಖದ ಆಕಾರ, ಮೈಕಟ್ಟು, ನಿಲುವು, ಆಭರಣದ ಸರಗಳು ಇಳಿಬಿದ್ದ ರೀತಿ, ತಲೆಯ ಮೇಲಿನ ಬಳ್ಳಿಯ ತೋರಣ ಇವುಗಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಅದೇ ಗೋಡೆಯ ಸಹಿಯಿಲ್ಲದ ವಿಗ್ರಹಗಳಿಗೆ ಅದನ್ನು ಹೋಲಿಸುತ್ತಾರೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವಂಥದ್ದು. ಆದ್ದರಿಂದಲೇ ಅತಿ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಆ ಸೂಕ್ಷ್ಮಗಳೇ ಇಂದು ಸಾಕ್ಷಿಯಾಗಿವೆ.

ಈ ಹೋಲಿಕೆಗೆ ಮಿತಿಯೂ ಇದೆ. ಒಂದು ತಂಡದಲ್ಲಿ ಗುರು, ಮಕ್ಕಳು, ಶಿಷ್ಯರು ಒಂದೇ ಮಾದರಿಯಲ್ಲಿ ಕೆಲಸ ಮಾಡುತ್ತಿದ್ದರು. ಶಿಷ್ಯ ಕೆತ್ತಿದ್ದಕ್ಕೆ ಗುರುವಿನ ಹೆಸರು ಬಿದ್ದಿರಬಹುದು. ಗೋಡೆಯಿಂದ ಬೇರ್ಪಟ್ಟು ದೇಶ ವಿದೇಶಗಳ ವಸ್ತುಸಂಗ್ರಹಾಲಯ ಸೇರಿದ ವಿಗ್ರಹಗಳ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಇತಿಹಾಸಕಾರ ಷ. ಶೆಟ್ಟರ್ ಅವರು ಡೆನ್ಮಾರ್ಕಿನ ಕೋಪನ್‌ಹೇಗನ್ ವಸ್ತುಸಂಗ್ರಹಾಲಯದಲ್ಲಿರುವ ಹೊಯ್ಸಳ ಶಿಲ್ಪಗಳ ಬಗ್ಗೆಯೇ 1975ರಲ್ಲಿ ಪುಸ್ತಕ ಬರೆದರು. ಅಕ್ಕಪಕ್ಕದ ಶಿಲ್ಪಗಳ ಆಸರೆ ತಪ್ಪಿದ ವಿಗ್ರಹ, ಊರು ಬಿಟ್ಟ ಅನಾಥನಂತೆ.

ಒಬ್ಬನೋ, ಹಲವರೋ?

ಮಲ್ಲಿತಮ್ಮನ ವಿಚಾರದಲ್ಲಿ ಕಾಲವೇ ಒಗಟು. ಸೋಮನಾಥಪುರದ ಗುಡಿಗೆ ಹಳೆಯ ಪುಸ್ತಕಗಳು 1268ನೇ ಇಸವಿ ಕೊಡುತ್ತಿದ್ದವು. ಈಗ ಸಾಮಾನ್ಯವಾಗಿ 1258 ಎನ್ನುತ್ತಾರೆ. ಅಮೃತಾಪುರದಲ್ಲಿ ಅವನಿಗೆ 20 ವರ್ಷವಾಗಿತ್ತೆಂದು ಹಿಡಿದರೂ ಸೋಮನಾಥಪುರದ ಹೊತ್ತಿಗೆ 82 ಆಗುತ್ತದೆ. ಆ ವಯಸ್ಸಿನಲ್ಲಿ 40 ವಿಗ್ರಹಗಳನ್ನು ಒಬ್ಬನೇ ಕಡೆದನೆಂದು ನಂಬುವುದು ಕಷ್ಟ. ಹಿರಿಯ ರೂವಾರಿಯಾಗಿ ಮೇಲ್ವಿಚಾರಣೆ ನಡೆಸಿ ತಂಡದ ಕೆಲಸಕ್ಕೆ ತನ್ನ ಹೆಸರು ಕೊಟ್ಟಿರಬಹುದು. ಒಂದೇ ಹೆಸರಿನ ಇಬ್ಬರು ಇದ್ದಿರಲೂಬಹುದು. ಹಾಗಾದರೆ ಸಹಿ ಇರುವ ವಿಗ್ರಹವೂ ಪರೀಕ್ಷೆಗೆ ಒಳಪಡಬೇಕಾದದ್ದೇ.

ಆದರೂ ಆ ಸಹಿಗಳ ಬೆಲೆ ಕಡಿಮೆಯಾಗದು. ಕಟ್ಟಿಸಿದ ದಂಡನಾಯಕರ ಹೆಸರನ್ನು ದೊಡ್ಡ ಶಾಸನಗಳು ಕಾದಿಟ್ಟವು. ಕಟ್ಟಿದವರ ಹೆಸರು ಉಳಿದದ್ದು ದೇವರ ಪಾದದ ಕೆಳಗಿನ ಈ ಕಿರು ಸಾಲಿನಲ್ಲಿ ಮಾತ್ರ. ಬೇಲೂರು, ಹಳೇಬೀಡು, ಸೋಮನಾಥಪುರ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅಲ್ಲಿಗೆ ಹೋಗುವವರು ವಿಗ್ರಹದ ಮುಖ ನೋಡಿ ಮುಂದೆ ಸಾಗದೆ ಒಮ್ಮೆ ಬಾಗಿ ಪೀಠವನ್ನೂ ನೋಡಬೇಕು. ಎಂಟು ಶತಮಾನ ಸಮೀಪಿಸಿದ ಆ ಅಕ್ಷರಗಳು ಮಲ್ಲಿತಮ್ಮ ಪಡೆದುಕೊಂಡ ಏಕೈಕ ಸ್ಮಾರಕ.