ಹಬೆಗೆ ಹೊದಿಕೆ ಹೊದಿಸಿದ ಜೇಮ್ಸ್ ವಾಟ್

ಭದ್ರಾವತಿ ಅಂದ ಕೂಡಲೇ ನಮ್ಮ ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗರ ಬಾಯಿಗೆ ಬರೋದು ಸರ್ ಎಂ.ವಿ. ಹೆಸರು. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು ಅವರ ಶ್ರಮದಿಂದ. ಆದರೆ ಯಾವುದೇ ಕಾರ್ಖಾನೆಯ ಬಾಯ್ಲರ್ ಹತ್ತಿರ ಹೋದರೂ ಹಗ್ಗವನ್ನೋ ಗಾಜಿನ ಉಣ್ಣೆಯನ್ನೋ ಸುತ್ತಿದ ಹಬೆಯ ಪೈಪುಗಳು ಕಾಣ್ತವಲ್ಲ, ಆ ಸುತ್ತಿನ ಹಿಂದೆ ಇನ್ನೊಬ್ಬನ ಕಥೆ ಇದೆ.

ಜೇಮ್ಸ್ ವಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ. ಲಂಡನ್ನಿನಲ್ಲಿ ಒಂದು ವರ್ಷ ಉಪಕರಣ ಮಾಡೋದು ಕಲಿತು ಬಂದ. ಗ್ಲಾಸ್ಗೋದಲ್ಲಿ ಅಂಗಡಿ ಇಡೋಕೆ ಅಲ್ಲಿನ ಕಸುಬುದಾರರ ಸಂಘ ಬಿಡಲಿಲ್ಲ. ಕೊನೆಗೆ ವಿಶ್ವವಿದ್ಯಾಲಯವೇ ಒಂದು ಕೋಣೆ ಕೊಟ್ಟಿತು.

1763ರ ಚಳಿಗಾಲದಲ್ಲಿ ನ್ಯೂಕಮನ್ ಇಂಜಿನ್ನಿನ ಮಾದರಿಯೊಂದು ರಿಪೇರಿಗೆ ಬಂತು. ಕೆಲವೇ ಸಲ ಓಡುವಷ್ಟರಲ್ಲಿ ಹಬೆ ಖಾಲಿ! ಕಾರಣ ಹುಡುಕಿದ. ಪ್ರತಿ ಸಲವೂ ಸಿಲಿಂಡರಿನೊಳಗೆ ತಣ್ಣೀರು ಚಿಮ್ಮಿ ಹಬೆಯನ್ನು ನೀರಾಗಿಸುತ್ತಿದ್ದರು. ಮುಂದಿನ ಸಲದ ಹಬೆ ಬಹುಪಾಲು ಆ ತಣ್ಣಗಿನ ಲೋಹವನ್ನು ಬಿಸಿ ಮಾಡೋದಕ್ಕೇ ಹೋಗುತ್ತಿತ್ತು. 1765ರಲ್ಲಿ ಉತ್ತರ ಹೊಳೆಯಿತು: ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸು, ಸಿಲಿಂಡರ್ ಸದಾ ಬಿಸಿಯಾಗಿರಲಿ.

ಬಿಸಿಯಾಗಿರೋದು ಹೇಗೆ? 1769ರ ಪೇಟೆಂಟಿನಲ್ಲಿ ಅದನ್ನೂ ಬರೆದ. ಸಿಲಿಂಡರಿಗೆ ಮರದ, ಇಲ್ಲವೇ ಶಾಖವನ್ನು ನಿಧಾನವಾಗಿ ಸಾಗಿಸುವ ಬೇರೆ ವಸ್ತುವಿನ ಹೊದಿಕೆ ಹಾಕಬೇಕು ಅಂತ. ಅಮ್ಮ ಮಸಿಬಟ್ಟೆಯಲ್ಲಿ ಪಾತ್ರೆ ಇಳಿಸ್ತಾರಲ್ಲ, ಅದೇ ತತ್ತ್ವ.

ಪೇಟೆಂಟ್ ಸಿಕ್ಕಿತು, ಹಣ ಸಿಗಲಿಲ್ಲ. ಹೊಟ್ಟೆಪಾಡಿಗೆ ಕಾಲುವೆ ಸರ್ವೆ ಮಾಡಿದ. 1773ರಲ್ಲಿ ದೂರದ ಬೆಟ್ಟಗಳಲ್ಲಿ ಸರ್ವೆಯಲ್ಲಿದ್ದಾಗ ಹೆಂಡತಿ ಮಾರ್ಗರೆಟ್‌ಗೆ ಹುಷಾರಿಲ್ಲ ಅಂತ ಸುದ್ದಿ ಬಂತು. ಮನೆ ಮುಟ್ಟುವ ಮೊದಲೇ ಆಕೆ ತೀರಿಕೊಂಡಿದ್ದಳು. ಜೊತೆಗಿದ್ದ ಬಂಡವಾಳಗಾರನೂ ದಿವಾಳಿಯಾದ. 1775ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೌಲ್ಟನ್ ಪಾಲುದಾರನಾದ ಮೇಲೆಯೇ ದಾರಿ ತೆರೆದದ್ದು. ಅವರು ಹಣ ಪಡೆಯುತ್ತಿದ್ದ ರೀತಿ ನೋಡಿ: ಹಳೇ ಇಂಜಿನ್ನಿಗಿಂತ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಮೂರನೇ ಒಂದು ಭಾಗದ ಬೆಲೆ. ಉಳಿಸಿದ ಶಾಖವೇ ಅವರ ಸಂಬಳ!

ವಾಟ್ ತೀರಿಕೊಂಡಿದ್ದು 1819ರಲ್ಲಿ. ಆಮೇಲೆ ಪೈಪುಗಳಿಗೆ ಕಲ್ನಾರಿನ ಹಗ್ಗ ಬಂತು. ಶಾಖವನ್ನೇನೋ ತಡೆಯಿತು, ಸುತ್ತಿದ ಕೆಲಸಗಾರರ ಶ್ವಾಸಕೋಶ ಹಾಳು ಮಾಡಿತು. ಈಗ ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ, ಮೇಲೆ ಅಲ್ಯೂಮಿನಿಯಂ ತಗಡು.

ಬಲ್ಬಿನ ಮೇಲೆ ವಾಟ್ ಹೆಸರು ದಿನಾ ಓದ್ತೀವಿ. ಮುಂದಿನ ಸಲ ಕಾರ್ಖಾನೆ ನೋಡೋಕೆ ಹೋದಾಗ, ಪೈಪಿನ ಸುತ್ತು ಎಲ್ಲಿ ಹರಿದಿದೆ ಅಂತ ಗಮನಿಸಿ. ದುಡ್ಡು ಸೋರ್ತಾ ಇರೋದು ಅಲ್ಲೇ ಮಾರಾಯ್ರೆ.